ದಣಿದು ಬಂದವರ ಕುರ್ಚಿ

“ಕೂರಬೇಡ, ಕೂರಬೇಡ!” ಎಂದು ಗಂಡ ಕಿರುಚಿದಾಗ ಅವಳು ಸೋಫಾದಿಂದ ಒಂದು ಗೇಣು ಮೇಲಿದ್ದಳು. ಮೈಮೇಲೆ ಕಂಡಕ್ಟರ್ ಸಮವಸ್ತ್ರ, ಹೆಗಲಲ್ಲಿ ಊಟದ ಚೀಲ. ಬೆಳಗಿನ ಐದೂವರೆಗೆ ಬಸ್ಸು ಹತ್ತಿದವಳು ಇಳಿದದ್ದು ಮಧ್ಯಾಹ್ನ ಮೂರಕ್ಕೆ. ಕಂಡವರಿಗೆಲ್ಲ ಸೀಟು ಹುಡುಕಿ ಕೂರಿಸಿ, ತಾನು ಕಂಬಿ ಹಿಡಿದು ನಿಂತೇ ಇದ್ದಳು.

“ದಿಂಬುಗಳನ್ನ ಈಗ ತಾನೆ ಜೋಡಿಸಿದೀನಿ ಕಣೇ. ನೀನು ಕೂತ್ರೆ ಎಲ್ಲ ಅಪ್ಪಚ್ಚಿ ಆಗುತ್ತೆ,” ಎಂದ ಗಂಡ. ಅವನು ಗೋಡೆಬಣ್ಣದ ಅಂಗಡಿಯಲ್ಲಿ ಮಾರಾಟದ ಕೆಲಸದವನು. ರಜೆ ಬಂತೆಂದರೆ ಮನೆ ಅಲಂಕಾರದ ಮೇಲೆ ವೀಡಿಯೊ ಮಾಡಿ ಹಾಕುವ ಹುಚ್ಚು. ಇಂದಿನದರ ಹೆಸರು ‘ವರ್ಷಪೂರ್ತಿ ಬೆಚ್ಚಗಿನ ಮನೆ’. ಅವನ ತಂಗಿ ಫೋನು ಹಿಡಿದುಕೊಂಡು ಮೂಲೆಯಲ್ಲಿ ನಿಂತಿದ್ದಳು.

ಅವಳು ಕಿಟಕಿಯ ಕಡೆ ನಡೆದಳು. ಅಲ್ಲಿ ಅವಳದೊಂದು ಪ್ಲಾಸ್ಟಿಕ್ ಕುರ್ಚಿ ಇರುತ್ತಿತ್ತು. ಬಿಳಿ ಹೋಗಿ ಹಳದಿಯಾಗಿದ್ದು, ಒಂದು ಕೈ ಸೀಳಿದ್ದು. ಕೆಲಸದಿಂದ ಬಂದವಳೇ ಅದರಲ್ಲಿ ಒರಗಿ, ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕಾಲು ಚಾಚಿದರೆ ಅರ್ಧ ಗಂಟೆ ಅವಳನ್ನು ಯಾರೂ ಮಾತಾಡಿಸುವಂತಿರಲಿಲ್ಲ. ಇಡೀ ಮನೆಯಲ್ಲಿ ಅವಳು ತನ್ನದು ಅಂದುಕೊಂಡಿದ್ದು ಆ ಎರಡಡಿ ಜಾಗ, ಆ ಅರ್ಧ ಗಂಟೆ, ಅಷ್ಟೇ. ಈಗ ಅಲ್ಲೊಂದು ಬೆತ್ತದ ಆರಾಮಕುರ್ಚಿ ಕೂತಿತ್ತು. ಅದರ ಮೇಲೆ ಇಟ್ಟಿಗೆ ಬಣ್ಣದ ಉಣ್ಣೆಯ ಶಾಲು. ಯಾರೋ ಈಗಷ್ಟೇ ಎದ್ದುಹೋದ ಹಾಗೆ ಕಾಣಲಿ ಎಂದು ಅದನ್ನು ಹತ್ತು ಸಲ ಸರಿಮಾಡಿ ಸರಿಮಾಡಿ ಎಸೆದಿದ್ದರು.

“ನನ್ನ ಕುರ್ಚಿ ಎಲ್ರೀ?”

“ಟೆರೇಸ್ ಮೇಲಿದೆ. ವೀಡಿಯೊದಲ್ಲಿ ಅದು ಅಸಹ್ಯವಾಗಿ ಕಾಣುತ್ತೆ.”

“ಸರಿ, ಇದರಲ್ಲೇ ಕೂತ್ಕೋತೀನಿ.”

“ಅಯ್ಯೋ, ಬೇಡ! ಅದನ್ನ ಗೊತ್ತಿರೋರ ಅಂಗಡಿಯಿಂದ ಕೇಳಿ ತಂದಿರೋದು. ಸಾಯಂಕಾಲ ಹಾಗೇ ವಾಪಸ್ ಕೊಡಬೇಕು. ಒಂದ್ ಹತ್ತು ನಿಮಿಷ ತಡ್ಕೋ ತಾಯಿ.”

“ಒಳಗಾದ್ರೂ ಕೂತ್ಕೊಳ್ಳಿ ಅನ್ನೋಣ ಅಂದ್ರೆ, ಇಲ್ಲಿದ್ದ ಸಾಮಾನೆಲ್ಲ ಮಂಚದ ಮೇಲೇ ಹಾಕಿದೀವಿ ಅತ್ತಿಗೆ,” ಎಂದಳು ನಾದಿನಿ, ಮುಖ ಚಿಕ್ಕದು ಮಾಡಿಕೊಂಡು. ಅಡುಗೆಮನೆಯ ಬಾಗಿಲಲ್ಲಿ ಚಪ್ಪಲಿ ಗೂಡು, ಇಸ್ತ್ರಿ ಬಟ್ಟೆಯ ಗಂಟು, ಹಳೇ ಪೇಪರಿನ ಕಟ್ಟು ಒಂದರ ಮೇಲೊಂದು ಅಡ್ಡ ನಿಂತಿದ್ದವು. ಮನೆ ಮನೆಯಂತೆ ಕಾಣಬೇಕಾದರೆ ಮನೆಯಲ್ಲಿದ್ದದ್ದೆಲ್ಲ ಆಚೆ ಹೋಗಬೇಕಾಗಿತ್ತು.

ಪಕ್ಕದ ಪುಟ್ಟ ಮೇಜಿನ ಮೇಲೆ ಒಂದು ಕಪ್ಪಿನಿಂದ ಹಬೆ ಏಳುತ್ತಿತ್ತು. ಸದ್ಯ, ಇಷ್ಟಾದರೂ ಇದೆಯಲ್ಲ ಎಂದು ಅವಳು ಅದನ್ನೆತ್ತಿ ಬಾಯಿಗಿಟ್ಟಳು. ತುಟಿಗೆ ತಗುಲಿದ್ದು ಬಿಸಿ ಹತ್ತಿಯ ಉಂಡೆ.

“ಅದು ಟೀ ಅಲ್ಲ ಅತ್ತಿಗೆ! ಒದ್ದೆ ಹತ್ತಿ ಕಾಯಿಸಿ ಇಟ್ಟಿದೀವಿ. ನಿಜವಾದ ಟೀಗಿಂತ ಹಬೆ ಚೆನ್ನಾಗಿ ಬರುತ್ತೆ.”

ಅವಳ ಮೈಯೆಲ್ಲ ಉರಿದುಹೋಯಿತು. ತೊಟ್ಟು ಟೀಗೆ ಗತಿಯಿಲ್ಲ, ಹಬೆಗೆ ಮಾತ್ರ ಕೊರತೆಯಿಲ್ಲ! ಹತ್ತು ವರ್ಷದಿಂದ ಈ ಮನೆಗೆ ದಣಿದು ಬರುತ್ತಿದ್ದಾಳೆ. ಅವಳಿಗೆಂದು ಯಾರೂ ಒಂದು ದಿನ ಒಂದು ದಿಂಬು ಸರಿಸಿದ್ದಿಲ್ಲ. ಆದರೂ ನಾದಿನಿಯ ಎದುರು ಜಗಳ ಬೇಡವೆಂದು ಕಪ್ಪನ್ನು ಇದ್ದಲ್ಲೇ ಇಟ್ಟು ಬಾಗಿಲ ಬಳಿ ಹೋಗಿ ಬೂಟು ಬಿಚ್ಚಿದಳು. ಕಾಲುಚೀಲದ ಅಂಚು ಊದಿದ ಕಾಲಿನಲ್ಲಿ ಬಳೆಯ ಹಾಗೆ ಕೊರೆದು ಕೂತಿತ್ತು.

ಗಂಡ ಕೂದಲು ತಿದ್ದಿಕೊಂಡು ಫೋನಿನ ಎದುರು ನಗುನಗುತ್ತಾ ಶುರುಮಾಡಿದ. ಆ ನಗು ಅವನಲ್ಲಿದೆ ಎಂಬುದೇ ಅವಳಿಗೆ ಮರೆತುಹೋಗಿತ್ತು. “ಬೆಚ್ಚಗಿನ ಮನೆ ಅಂದ್ರೆ ಬರೀ ದಿಂಬು, ಪರದೆ ಅಲ್ಲ ಸ್ನೇಹಿತರೇ. ಈ ಕುರ್ಚಿ ನೋಡಿ. ಚಳಿ ಇರ್ಲಿ, ಬಿಸಿಲಿರ್ಲಿ, ಹೊರಗೆ ದುಡಿದು ದಣಿದು ಬರೋ ನಿಮ್ಮವರಿಗಾಗಿ ಇದು…”

“ಅಣ್ಣ, ಅತ್ತಿಗೆ ನೆರಳು ಬೀಳ್ತಿದೆ.”

“ಸ್ವಲ್ಪ ಆಚೆ ಸರಿಯೇ,” ಎಂದ ಅವನು, ತಿರುಗಿಯೂ ನೋಡದೆ.

ಅವಳು ಸರಿದಳು. ಸರಿದರೆ ಇದ್ದದ್ದು ಹೊಸ್ತಿಲಿನ ಆಚೆ, ಮೆಟ್ಟಿಲ ತಿರುವು. ಬೂಟು ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಹೊರಗೆ ನಿಂತಳು. ಮೇಲಿನ ಮನೆಯ ಅಜ್ಜಿ ಇಳಿದು ಬಂದವರು, “ಯಾಕಮ್ಮ, ಬೀಗದ ಕೈ ಮರೆತ್ಯಾ?” ಎಂದು ಕೇಳಿದರು.

“ಇಲ್ಲ ಅಜ್ಜಿ,” ಎಂದಳು. ಗೋಡೆಗೆ ಒತ್ತಿಕೊಂಡು ಅವರಿಗೂ ದಾರಿ ಬಿಟ್ಟಳು.

ಒಳಗೆ ಗಂಡನ ದನಿ ಮತ್ತೆ ಜೇನಾಯಿತು: “…ಹೊರಗೆ ದುಡಿದು ದಣಿದು ಬರೋ ನಿಮ್ಮವರಿಗಾಗಿ ಇದು ವರ್ಷಪೂರ್ತಿ ಕಾಯ್ತಾ ಇರುತ್ತೆ.”

ಅವಳು ಬೂಟನ್ನು ಅಲ್ಲೇ ಬಿಟ್ಟು ಒಳಗೆ ನಡೆದಳು. ಗಂಡನ ಭುಜ ಸವರಿಕೊಂಡೇ ಹಾದು, ಉಣ್ಣೆಯ ಶಾಲನ್ನು ಎತ್ತಿ ಸೋಫಾಕ್ಕೆ ಒಗೆದು ಬೆತ್ತದ ಕುರ್ಚಿಯಲ್ಲಿ ಕೂತಳು. ಮೇಜನ್ನು ಹತ್ತಿರ ಎಳೆದು, ಕಪ್ಪನ್ನು ನೆಲಕ್ಕಿಟ್ಟು, ಎರಡೂ ಕಾಲುಗಳನ್ನು ಮೇಜಿನ ಮೇಲೆ ಚಾಚಿದಳು.

“ಏಯ್, ಏನೇ ಇದು! ನಿಲ್ಸು, ನಿಲ್ಸು ಅದನ್ನ!” ಗಂಡ ತಂಗಿಯ ಕಡೆ ಕೈ ಬೀಸಿದ.

“ನಿಲ್ಲಿಸ್ಬೇಡಮ್ಮ,” ಎಂದಳು ಅವಳು. “ದಣಿದವರು ಬಂದು ಕೂತಾಯ್ತು. ಮುಂದೇನು ಅಂತ ನಿಮ್ಮಣ್ಣ ಹೇಳ್ಲಿ.”

ನಾದಿನಿ ಒಮ್ಮೆ ಅಣ್ಣನ ಮುಖ ನೋಡಿದಳು, ಒಮ್ಮೆ ಅತ್ತಿಗೆಯ ಕಾಲು ನೋಡಿದಳು. ಫೋನನ್ನು ಕೆಳಗಿಳಿಸಲಿಲ್ಲ.

ಅವನು ಜೇಬಿನಿಂದ ತಾನು ಬರೆದಿಟ್ಟುಕೊಂಡಿದ್ದ ಹಾಳೆ ತೆಗೆದು ಮೇಲಿಂದ ಕೆಳಗೆ ಓದಿದ. ಕುರ್ಚಿಯ ನಂತರ ಇದ್ದದ್ದು ಮೂಲೆಯ ದೀಪಕ್ಕೆ ಯಾವ ಬಣ್ಣದ ಬಲ್ಬು ಹಾಕಬೇಕು ಎಂಬ ವಿಷಯ.