ಕೈಗೆ ಬಾರದ ಮಾತು

ಒದ್ದೆ ಹೊದಿಕೆಯ ಒಂದು ತುದಿ ಅಮ್ಮನ ಕೈಯಲ್ಲಿ, ಇನ್ನೊಂದು ಮಗಳ ಕೈಯಲ್ಲಿ. ಇಬ್ಬರೂ ತಿರುಚಿ ತಿರುಚಿ ಹಿಂಡುತ್ತಿದ್ದಾಗ ಚಿಕ್ಕಪ್ಪ ಬಾಗಿಲಲ್ಲಿ ಬಂದು ನಿಂತ. ಮಗಳು ತುದಿಯನ್ನು ಬಕೆಟ್ಟಿಗೆ ಬಿಟ್ಟು ಕೈ ಒರೆಸಿಕೊಂಡಳು. ಅಮ್ಮನಿಗೆ ಕಿವಿ ಕೇಳಿಸದು. ಬಂದವರ ಮಾತನ್ನು ಕೈಸನ್ನೆ ಮಾಡುವುದು, ಅಮ್ಮನ ಸನ್ನೆಗೆ ಬಾಯಿ ಕೊಡುವುದು ಅವಳದೇ ಕೆಲಸ. ಅದಕ್ಕೇ ಚಿಕ್ಕಪ್ಪ ಅವಳನ್ನು ‘ಗಿಣಿ’ ಎನ್ನುತ್ತಿದ್ದ.

ಚಿಕ್ಕಪ್ಪನ ಮಾತೆಂದರೆ ಗಿಣಿಗೆ ಪ್ರಾಣ. ಅಪ್ಪನ ಸಂತಾಪ ಸಭೆಯಲ್ಲಿ ಅವನು ಆಡಿದ್ದನ್ನು ಅವಳು ಇನ್ನೂ ಮರೆತಿಲ್ಲ. ಕಾಲು ಊದಿದ ತನ್ನನ್ನು ಅಣ್ಣ ಬೆನ್ನ ಮೇಲೆ ಹೊತ್ತು ಶಾಲೆಗೆ ಒಯ್ದದ್ದು, ಮದುವೆಗೆ ಮೊದಲು ಕನ್ನಡಿ ಮುಂದೆ ನಿಂತು ಸನ್ನೆ ಕಲಿತದ್ದು, ‘ನನ್ನ ಹೆಂಡತಿ’ ಎನ್ನಲು ಹೋಗಿ ‘ನನ್ನ ಎಮ್ಮೆ’ ಎಂದದ್ದು. ಸಭೆ ಅತ್ತಿತು, ನಕ್ಕಿತು. ಗಿಣಿಯ ಬೆರಳು ಎಲ್ಲೂ ತಡವರಿಸಲಿಲ್ಲ. ಅಮ್ಮನೂ ಎಲ್ಲರ ಜೊತೆಗೇ ಅತ್ತಳು, ಎಲ್ಲರ ಜೊತೆಗೇ ನಕ್ಕಳು.

ಇವತ್ತೂ ಅದೇ ದನಿ. ಬೀದಿ ಕಡೆಯ ಕೋಣೆಯಲ್ಲಿ ಅಮ್ಮನ ಹೊಲಿಗೆ ಯಂತ್ರವಿದೆ. ತಾಯಿ ಮಗಳ ಹೊಟ್ಟೆ ತುಂಬುವುದೇ ಅದರಿಂದ. ಆ ಕೋಣೆಯನ್ನು ಚಿಕ್ಕಪ್ಪನ ಅಂಗಡಿಗೆ ಬಿಟ್ಟುಕೊಡಬೇಕಂತೆ, ಅತ್ತಿಗೆ ಒಮ್ಮೆ ತಲೆಯಾಡಿಸಿದರೆ ಸಾಕಂತೆ.

“ಮನೆ ಅಂದ್ರೆ ಗೋಡೆ ಅಲ್ಲ ಅತ್ತಿಗೆ, ಮನಸ್ಸು. ಮನಸ್ಸು ದೊಡ್ಡದಾದ್ರೆ ಜಾಗ ತಾನಾಗೇ ಹುಟ್ಟುತ್ತೆ.”

ಗಿಣಿಗೆ ಮೈ ಜುಮ್ಮೆಂದಿತು. ಇಂಥ ಮಾತು ಇವನಿಗೆ ಎಲ್ಲಿಂದ ಬರುತ್ತದೋ. ಕೈ ಎತ್ತಿದಳು. ಗೋಡೆ ಬಂತು, ಮನಸ್ಸು ಬಂತು, ಜಾಗ ಹುಟ್ಟಿತು. ಎಲ್ಲಿ ಎಂದು ಅಮ್ಮ ಹುಬ್ಬೇರಿಸಿದಳು. ಅದು ಗಿಣಿಗೂ ಗೊತ್ತಾಗಲಿಲ್ಲ. ಇನ್ನೊಂದು ಸಲ ಹೇಳು ಅಂದಳು. ಚಿಕ್ಕಪ್ಪ ಇನ್ನೂ ಚೆಂದಾಗಿ ಹೇಳಿದ. ಈ ಸಲ ಒಂದು ದೊಡ್ಡ ಮರ, ಅದರ ತಂಪು ನೆರಳು. ಗಿಣಿ ಮರ ಬೆಳೆಸಿದಳು, ನೆರಳು ಹರಡಿದಳು. ಅಮ್ಮ ಬಗ್ಗಿ ಆ ನೆರಳಿನ ಕೆಳಗೆ ತನ್ನ ಯಂತ್ರ ಹುಡುಕುವವಳಂತೆ ನೋಡಿದಳು.

ಆಮೇಲೆ ಅಮ್ಮನ ಕೈ ಮಾತಾಡಿತು. ಕಾಲು ಒಮ್ಮೆ ತುಳಿಯಿತು, ಬೆರಳು ಬಟ್ಟೆ ಮುಂದಕ್ಕೆ ಸರಿಸಿತು, ಅಂಗೈ ಬಾಗಿಲಾಗಿ ಮುಚ್ಚಿಕೊಂಡಿತು. ಕೊನೆಗೆ ಎರಡೂ ಕೈ ಖಾಲಿ ತೆರೆದುಕೊಂಡವು. ಅಷ್ಟೇ. ಮನೆಯಲ್ಲಿ ಚಿಕ್ಕಪ್ಪನೊಬ್ಬನಿಗೇ ಮಾತು ಬರುವುದೆಂದು ಗಿಣಿ ಇಷ್ಟು ದಿನ ತಿಳಿದಿದ್ದಳು.

“ಏನಂತಾರೆ ನಿಮ್ಮಮ್ಮ? ಒಪ್ಪಿದ್ರು ತಾನೆ?”

ಚಿಕ್ಕಪ್ಪ ಗಿಣಿಯ ತಲೆ ಸವರಿದ. ಅಮ್ಮ ಅವಳ ತುಟಿಯನ್ನೇ ನೋಡುತ್ತಿದ್ದಳು.

“ಕೋಣೆ ಕೊಟ್ಟ ಮೇಲೆ,” ಅಂದಳು ಗಿಣಿ, “ನಾನೆಲ್ಲಿ ಕೂತು ಹೊಲೀಲಿ?”