ಬೀರು ಸರಿಸಲು ಒಂದು ಕೈ

"ಇಸಿಜಿ ಸರಿಯಾಗಿದೆ. ಬಿಪಿ ಮಾತ್ರ ಮತ್ತೆ ಏರಿದೆ," ಎನ್ನುತ್ತ ಡಾಕ್ಟರಮ್ಮ ತೋಳಿಗೆ ಸುತ್ತಿದ್ದ ಪಟ್ಟಿ ಬಿಚ್ಚಿದರು. "ನಿನ್ನೆ ಯಾರ ಜೊತೆ ಮಾತಾಡಿದ್ರಿ?"

ನಿವೃತ್ತ ಬಸ್ ಕಂಡಕ್ಟರ್ ತಲೆ ಕೆರೆದುಕೊಂಡರು. ಇಡೀ ಬಸ್ಸಿಗೆ ಕೇಳುವಂತೆ ಕೂಗುತ್ತಿದ್ದ ಗಂಟಲು ಹೆಂಡತಿ ತೀರಿಕೊಂಡ ಮೇಲೆ ದಿನದ ಮೊದಲ ಮಾತಿಗೇ ಕರಕರ ಎನ್ನುತ್ತಿತ್ತು. "ನಿನ್ನೆ ಯಾರ ಜೊತೇನೂ ಇಲ್ಲ. ಇವತ್ತು ನಿಮ್ಮ ಜೊತೆ."

"ಮೊನ್ನೆ?"

ಅವರು ಮಡಚಿದ್ದ ಅಂಗಿಯ ತೋಳನ್ನು ಕೆಳಗಿಳಿಸತೊಡಗಿದರು.

"ನಿದ್ದೆಗೆಡೋದು, ಎದೆ ಹೊಡ್ಕೊಳ್ಳೋದು, ಈ ಬಿಪಿ, ಎಲ್ಲದರಲ್ಲೂ ಒಂಟಿತನದ ಪಾಲಿದೆ. ಗುಳಿಗೆ ಬರೆದುಕೊಡ್ತೀನಿ, ತಪ್ಪಿಸ್ಬೇಡಿ. ಮನುಷ್ಯರನ್ನ ಬರೆದುಕೊಡೋಕಾಗಲ್ಲ. ಯಾರ ಮನೆ ಬಾಗಿಲಾದ್ರೂ ತಟ್ಟಿ."

ಮನೆಗೆ ಬಂದರೂ ಕೂತಲ್ಲಿ ಕೂರಲಾಗಲಿಲ್ಲ. ಟಿವಿ ಹಾಕಿದರು, ಆರಿಸಿದರು. ಮಡಚಿಟ್ಟಿದ್ದ ಟವಲನ್ನೇ ಕೊಡವಿ ಮತ್ತೆ ಮಡಚಿದರು. ಮೇಲಿನ ಮನೆಗೆ ಹೋಗೋಣವೆಂದು ಮೆಟ್ಟಿಲು ಹತ್ತಿ ಅರ್ಧಕ್ಕೇ ಇಳಿದುಬಂದರು. ಏನೆಂದು ಹೇಳುವುದು? ಸುಮ್ಮನೆ ಬಂದೆ ಎಂದರೆ ಮುದುಕನಿಗೆ ತಲೆ ಕೆಟ್ಟಿದೆ ಅಂದುಕೊಳ್ಳುವುದಿಲ್ಲವೇ? ಮತ್ತೆ ಹತ್ತಿದರು. ಈ ಸಲ ಯೋಚನೆಗೆ ಅವಕಾಶ ಕೊಡದೆ ಬೆಲ್ ಒತ್ತಿಯೇಬಿಟ್ಟರು.

ಬಾಗಿಲು ತೆರೆದವನು ಪೇಂಟರ್. ಆಗಷ್ಟೇ ಕೆಲಸದಿಂದ ಬಂದಿದ್ದ, ಹುಬ್ಬಿನ ಮೇಲೆಲ್ಲ ಬಣ್ಣದ ಚುಕ್ಕಿ.

"ಏನ್ ಸಾರ್?"

"ಒಂದು ಕೈ ಬೇಕಿತ್ತಪ್ಪಾ. ಬೀರು... ಬೀರು ಸರಿಸ್ಬೇಕಿತ್ತು." ಬಾಯಿಗೆ ಬಂದದ್ದನ್ನು ಹೇಳಿಬಿಟ್ಟರು.

ಕೆಳಗಿಳಿದು ಬಂದು ಇಬ್ಬರೂ ಸೇರಿ ಬೀರು ದಬ್ಬಿದರು. "ಸಾರ್, ನಿಮ್ ಕಡೆ ಸ್ವಲ್ಪ ಎತ್ತಿ... ಅಯ್ಯೋ, ನನ್ ಕಾಲು!"

"ಮುಂದೆ ಹೋಗಪ್ಪಾ, ಮುಂದೆ ಜಾಗ ಇದೆ!" ಎಂದು ಕಂಡಕ್ಟರ್ ಅಭ್ಯಾಸಬಲದಿಂದ ಕೂಗಿದರು. ಪೇಂಟರ್ ನಕ್ಕು ಕೈಬಿಟ್ಟ. ಅವರಿಗೂ ನಗು ತಡೆಯಲಾಗಲಿಲ್ಲ. ಕೊನೆಗೆ ಬೀರು ಕಿಟಕಿಗೆ ಅಡ್ಡವಾಗಿ ನಿಂತಿತು. ಕೋಣೆಯೆಲ್ಲ ಮಬ್ಬಾಯಿತು.

"ಮೊದಲಿದ್ದ ಜಾಗಾನೇ ಚೆನ್ನಾಗಿತ್ತಲ್ಲ ಸಾರ್. ಯಾಕೆ ಸರಿಸಿದ್ರಿ?"

ಕಂಡಕ್ಟರ್ ಟವಲಿನಿಂದ ಬೀರುವಿನ ಬಾಗಿಲು ಒರೆಸತೊಡಗಿದರು. ಪೇಂಟರ್ ಸುತ್ತ ಕಣ್ಣಾಡಿಸಿದ. ಒಂದೇ ಕುರ್ಚಿ, ಒಂದೇ ಲೋಟ, ಪಕ್ಕದಲ್ಲಿ ಗುಳಿಗೆಯ ಪೊಟ್ಟಣ.

ಹೊರಡುವಾಗ ಚಪ್ಪಲಿ ಮೆಟ್ಟುತ್ತ ಹೇಳಿದ: "ಇವತ್ತು ಹೀಗೇ ಇರ್ಲಿ ಸಾರ್. ನಾಳೆ ಸಂಜೆ ಬಂದು ವಾಪಸ್ ಇಡ್ತೀನಿ. ನಾಡಿದ್ದು ಎಲ್ಲಿಗೆ ಸರಿಸೋದು ಅಂತ ನೀವು ಯೋಚಿಸಿಟ್ಟಿರಿ."