ಒಂದು ಕಡೆ ದಪ್ಪ

"ಒಂದು ಕಡೆ ದಪ್ಪ, ಒಂದು ಕಡೆ ತೆಳು! ಏನು ಮಾವ ಇದು?"

ಬಿಲ್ಲೆ ಮಾವ ಬಗ್ಗಿ ನೋಡಿದರು. ಎರಡು ಕನ್ನಡಿಗಳ ನಡುವೆ ಬೆಳಕನ್ನು ಕೂಡಿಹಾಕುವ ಅರೆವಾಹಕದ ಬಿಲ್ಲೆಗಳನ್ನು ಮೂವತ್ತು ವರ್ಷ ಪದರದ ಮೇಲೆ ಪದರ ಕೂರಿಸಿ ಬೆಳೆಸಿ, ಪ್ರಯೋಗಾಲಯದಲ್ಲಿ ಆ ಹೆಸರನ್ನೇ ಗಿಟ್ಟಿಸಿಕೊಂಡವರು. ಶುಕ್ರವಾರ ನಿವೃತ್ತಿ. ಈ ಸಂಶೋಧನೆಯ ಹುಡುಗಿಗೆಂದು ಬೆಳೆಸಿದ ಕೊನೆಯ ಬಿಲ್ಲೆಯಲ್ಲೇ ಹೀಗಾಗಬೇಕೆ!

"ಬಿಲ್ಲೆ ಇಟ್ಟ ತಟ್ಟೆ ತಿರುಗಿಸೋ ಗುಂಡಿ ಒತ್ತೋದೇ ಮರೆತೆ ಕಣಮ್ಮ. ತಿರುಗದೆ ಇದ್ರೆ ಪದರ ಸಮನಾಗಿ ಕೂರಲ್ಲ. ಬೈಯೋದಿದ್ರೆ ಬೈದುಬಿಡು."

ಅವಳು ಬೈಯಲಿಲ್ಲ, ಅದರಿಂದಲೇ ಮಾವನಿಗೆ ಹೆಚ್ಚು ನೋವಾಯಿತು. ಸೆರೆಸಿಕ್ಕ ಬೆಳಕಿನ ಬಣ್ಣವೂ ಕನ್ನಡಿಗಳ ನಡುವಿನ ಪದರ ಹೀರುವ ಬಣ್ಣವೂ ಒಂದಾದರೆ ಬೆಳಕು, ವಸ್ತು ಎರಡೂ ಬೆರೆತುಹೋಗುತ್ತವೆ. ಅದನ್ನು ತೋರಿಸುವುದೇ ಅವಳ ಕೆಲಸ. ಮಾವ ಅಚ್ಚುಕಟ್ಟಾಗಿ ಬೆಳೆಸಿಕೊಟ್ಟ ಹನ್ನೊಂದು ಬಿಲ್ಲೆಗಳಲ್ಲೂ ಬಣ್ಣ ಕೂದಲೆಳೆಯಷ್ಟು ತಪ್ಪಿತ್ತು. ಈ ವಾರವೂ ಆಗದಿದ್ದರೆ ಮೂರು ವರ್ಷದ ದುಡಿಮೆ ಬಿಟ್ಟು ಬೇರೆ ವಿಷಯ ಹಿಡಿ ಎಂದು ಪ್ರೊಫೆಸರು ಹೇಳಿಬಿಟ್ಟಿದ್ದರು.

"ಎಸೆಯೋ ಮುಂಚೆ ಒಂದ್ಸಲ ನೋಡೋಣ," ಎಂದು ಅವಳು ಬಿಲ್ಲೆಯನ್ನು ತಣ್ಣನೆಯ ಪೆಟ್ಟಿಗೆಯೊಳಗಿಟ್ಟು ಬೆಳಕು ಹಾಯಿಸಿದಳು. ತಪ್ಪು ಮಾಡಿದವರಿಗೆ ಸುಮ್ಮನೆ ಕೂರಲಾದೀತೆ? ತಿರುಪು ತಿರುಗಿಸಿ ಬಿಲ್ಲೆಯನ್ನು ದಪ್ಪ ಕಡೆಯಿಂದ ತೆಳು ಕಡೆಗೆ ಸರಿಸುವ ಕೆಲಸವನ್ನು ಮಾವ ತಾವೇ ವಹಿಸಿಕೊಂಡರು.

ಪರದೆಯ ಮೇಲೆ ಎರಡು ಗೆರೆ. ಒಂದು ಬೆಳಕಿನ ಬಣ್ಣದ್ದು, ಬಿಲ್ಲೆ ಸರಿದಂತೆಲ್ಲ ತಾನೂ ಸರಿಯುತ್ತಿತ್ತು. ಇನ್ನೊಂದು ಪದರದ್ದು, ಇದ್ದಲ್ಲೇ ಇತ್ತು. ಮೊದಲನೆಯದು ಹತ್ತಿರ ಬಂತು, ಇನ್ನೂ ಹತ್ತಿರ ಬಂತು. ಇನ್ನೇನು ದಾಟಿಯೇ ಬಿಟ್ಟಿತು ಅನ್ನುವಾಗ ಎರಡೂ ಮುಟ್ಟದೆ ಬಾಗಿದವು. ನಿಂತಿದ್ದದ್ದು ಹೊರಟಿತು, ಹೊರಟಿದ್ದದ್ದು ನಿಂತಿತು.

"ಅಯ್ಯೋ, ಇದೂ ಕೈಕೊಡ್ತಾ?" ಮಾವ ಗಾಬರಿಯಾದರು.

"ಬೆರೆತ್ವು ಮಾವ! ಬೆರೆಯದಿದ್ರೆ ನೇರ ದಾಟಿಹೋಗ್ತಿತ್ತು, ಬೆರೆತಿದ್ದಕ್ಕೇ ಹಾಗೆ ಬಾಗಿದ್ದು!" ಅವಳ ಕಣ್ಣಲ್ಲಿ ನೀರು. "ದಪ್ಪ ಸಮನಾಗಿದ್ದಿದ್ರೆ ಬೆಳಕಿಗೆ ಒಂದೇ ಬಣ್ಣ ಸಿಗ್ತಿತ್ತು. ಇದ್ರಲ್ಲಿ ದಪ್ಪ ಬದಲಾದ ಹಾಗೆ ಹೆಜ್ಜೆಗೊಂದು ಬಣ್ಣ ಕೊಟ್ಟಿದ್ದೀರಿ. ನಿಮ್ಮ ಉಪಕಾರ ಸಾಯೋವರೆಗೂ ಮರೆಯಲ್ಲ."

"ನಾನು ಮರೆತಿದ್ದಕ್ಕೆ ಉಪಕಾರ ಅಂತೀಯಲ್ಲೇ!" ಮಾವ ಕನ್ನಡಕ ತೆಗೆದು ಒರೆಸಿಕೊಂಡರು. ಮನಸ್ಸು ಹೂವಿನಷ್ಟು ಹಗುರವಾಗಿತ್ತು.

"ಹಾಗಾದ್ರೆ ಹೋಗೋ ಮುಂಚೆ ಇದೇ ಥರ ಇನ್ನೊಂದು ಕೆಡಿಸಿಕೊಡಿ."

ಶುಕ್ರವಾರ ಬೆಳಿಗ್ಗೆ ಮಾವ ಯಂತ್ರದ ಮುಂದೆ ನಿಂತರು. ತಟ್ಟೆ ತಿರುಗಿಸುವ ಗುಂಡಿಯ ಕಡೆಗೆ ಬಲಗೈ ತಾನಾಗಿಯೇ ಹೋಯಿತು. ಎಡಗೈಯಿಂದ ಅದನ್ನು ಗಟ್ಟಿಯಾಗಿ ಹಿಡಿದುಕೊಂಡರು.